ಲಗ್ನಪತ್ರಿಕೆಯ ಬೆನ್ನ ಮೇಲೆ ಪಾಠ

ಕಳೆದ ವರ್ಷ ದಸರಾ ರಜೆ ಮುಗಿದು ಶಾಲೆ ಶುರುವಾದ ಮೊದಲ ವಾರ. ಎಂಟನೇ ತರಗತಿಯ ನನ್ನ ಮೊಮ್ಮಗಳು ಪುಟ್ಟಿ ಸಂಜೆ ಮನೆಗೆ ಬಂದವಳು ಎಂದಿನಂತೆ ತಿಂಡಿ ಡಬ್ಬಕ್ಕೆ ಕೈ ಹಾಕಲಿಲ್ಲ. ಸೀದಾ ನನ್ನ ಕೋಣೆಗೆ ಬಂದು ಒಂದು ಉತ್ತರಪತ್ರಿಕೆಯನ್ನು ನನ್ನ ದಿಂಬಿನ ಕೆಳಗೆ ತುರುಕಿದಳು.

“ಅಪ್ಪ ಕೇಳಿದರೆ ಇನ್ನೂ ಕೊಟ್ಟಿಲ್ಲ ಅಂತ ಹೇಳು ತಾತ.”

ಸಮಾಜ ವಿಜ್ಞಾನ. 50ಕ್ಕೆ 17.

“ಓದಿರಲಿಲ್ವೇನೇ?” ಎಂದೆ.

“ನಾಲ್ಕು ಸಲ ಓದಿದ್ದೆ ತಾತ. ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ಎಲ್ಲ ಖಾಲಿ. ನಂಗೆ ತಲೇನೇ ಇಲ್ಲ ಅನ್ಸತ್ತೆ.”

ಅವಳು ಸುಳ್ಳು ಹೇಳಿರಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದರವರೆಗೂ ಪುಸ್ತಕ ಹಿಡಿದು ಕೂತಿದ್ದನ್ನು ನಾನೇ ಕಂಡಿದ್ದೆ. ಮುಖ್ಯವಾದ ಸಾಲುಗಳಿಗೆ ಹಳದಿ ಪೆನ್ನಿನಿಂದ ಗೆರೆ ಎಳೆದೂ ಎಳೆದೂ ಇಡೀ ಪುಟವೇ ಅರಿಸಿನ ಹಚ್ಚಿದಂತಾಗಿತ್ತು. ಆದರೆ ಅವಳ ಭಯ ಅಂಕದ್ದು ಮಾತ್ರವಲ್ಲ. ವಾರ್ಷಿಕ ಪರೀಕ್ಷೆಯಲ್ಲೂ ಹೀಗೇ ಆದರೆ ಭರತನಾಟ್ಯದ ಕ್ಲಾಸು ಬಂದ್ ಎಂದು ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ಆರು ವರ್ಷದಿಂದ ಕಲಿಯುತ್ತಿರುವ ಹುಡುಗಿ ಅವಳು.

ಅದೇ ತಿಂಗಳು ನನಗೂ ಒಂದು ಪೆಟ್ಟು ಬಿದ್ದಿತ್ತು. ಒಂದು ಮದುವೆಯಲ್ಲಿ ಬಿಳಿ ಮೀಸೆಯವರೊಬ್ಬರು ನನ್ನ ಎರಡೂ ಕೈ ಹಿಡಿದುಕೊಂಡು, “ಏನ್ ಸ್ವಾಮಿ, ಗುರುತು ಸಿಕ್ತೇ?” ಎಂದರು. ಗುರುತು ಸಿಕ್ಕಿತು. ಹನ್ನೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದವರು. ಆದರೆ ಹೆಸರು? ಎಲ್ಲಿ ತಡಕಿದರೂ ಸಿಗಲಿಲ್ಲ. “ಬನ್ನಿ ಬನ್ನಿ, ಊಟಕ್ಕೆ ಹೋಗೋಣ” ಎಂದು ಹಲ್ಲು ಬಿಟ್ಟು ಪಾರಾದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ.

ಮೊಮ್ಮಗಳಿಗೆ ತಲೆಯಿಲ್ಲ ಎಂಬ ಚಿಂತೆ, ತಾತನಿಗೆ ಇದ್ದ ತಲೆ ಹೋಗುತ್ತಿದೆಯೇ ಎಂಬ ಚಿಂತೆ. ಹೀಗೆ ಶುರುವಾಯಿತು ನಮ್ಮ ಚೀಟಿ ವ್ಯವಹಾರ.

ರೈಲಿನಲ್ಲಿ ಕಲಿತ ಪಾಠ

ನಾನು 1977ರಲ್ಲಿ ಆರ್‌ಎಂಎಸ್, ಅಂದರೆ ರೈಲ್ವೆ ಮೇಲ್ ಸರ್ವಿಸ್ ಸೇರಿದವನು. ರಾತ್ರಿ ಓಡುವ ರೈಲಿನ ಅಂಚೆ ಡಬ್ಬಿಯಲ್ಲಿ ನಿಂತುಕೊಂಡು ಕಾಗದಗಳನ್ನು ಊರಿನ ಪ್ರಕಾರ ಗೂಡುಗಳಿಗೆ ಹಾಕುವುದು ಕೆಲಸ. ದೇಶಕ್ಕೆ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಆದರೆ ನಾನು ಸೇರುವ ಹೊತ್ತಿಗೂ ಅದನ್ನು ಬರೆಯದವರೇ ಬಹಳ. ವಿಳಾಸ ನೋಡಿದ ಕೂಡಲೇ ಆ ಊರಿನ ಕಾಗದ ಯಾವ ಚೀಲಕ್ಕೆ ಹೋಗಬೇಕೆಂಬುದು ಕೈಗೆ ಗೊತ್ತಿರಬೇಕಿತ್ತು. ಚನ್ನಪಟ್ಟಣದ ಕಾಗದ ಚನ್ನರಾಯಪಟ್ಟಣದ ಗೂಡಿಗೆ ಬಿದ್ದರೆ ಮುಗಿಯಿತು. ಬೊಂಬೆಯೂರಿನ ಸುದ್ದಿ ಹಾಸನ ಜಿಲ್ಲೆ ಸುತ್ತಿಕೊಂಡು ಬರುತ್ತಿತ್ತು. ಈಗಾದರೆ ಒಂದರ ಪಿನ್ 562ರಿಂದ, ಇನ್ನೊಂದರದು 573ರಿಂದ ಶುರು. ಅಂಕಿ ನೋಡಿದರೆ ಸಾಕು.

ಮೊದಲ ತಿಂಗಳು ನಾನು ಊರುಗಳ ಪಟ್ಟಿಯನ್ನು ಪುಸ್ತಕದಂತೆ ಓದಿದೆ. ಏನೂ ನಿಲ್ಲಲಿಲ್ಲ. ನಮ್ಮ ಹಿರಿಯರೊಬ್ಬರು ಅದನ್ನು ನೋಡಿ ಹಳೆಯ ರಟ್ಟಿನ ಲೇಬಲ್ಲುಗಳ ಒಂದು ಕಟ್ಟು ಕೊಟ್ಟರು. “ಮುಂದೆ ಊರಿನ ಹೆಸರು ಬರಿ. ಹಿಂದೆ ಚೀಲದ ಹೆಸರು ಬರಿ. ಕಲಸು. ಒಂದೊಂದೇ ತೆಗೆದು ಹೇಳು. ತಪ್ಪಿದ್ದನ್ನು ಬೇರೆ ಇಡು, ನಾಳೆ ಮೊದಲು ಅದನ್ನೇ ಕೇಳಿಕೋ” ಎಂದರು. ಮೂರು ವಾರದಲ್ಲಿ ನನ್ನ ಕೈ ಓಡತೊಡಗಿತು. ಅದಕ್ಕೆ ಫ್ಲ್ಯಾಶ್ ಕಾರ್ಡ್ ಎಂಬ ಹೆಸರಿದೆಯೆಂದು ನನಗೆ ಗೊತ್ತಾದದ್ದು ನಿವೃತ್ತನಾದ ಮೇಲೆ.

ಮರೆವಿನ ಲೆಕ್ಕ

ಪುಟ್ಟಿಯ ಉತ್ತರಪತ್ರಿಕೆ ನೋಡಿದ ಮೇಲೆ ಹಳೆಯ ಕುತೂಹಲ ಕೆರಳಿತು. ಗ್ರಂಥಾಲಯಕ್ಕೆ ಹೋಗಿ ಕೂತು ಒಂದಿಷ್ಟು ಓದಿದೆ.

ಜರ್ಮನಿಯಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ಇದ್ದರು. ಮರೆವನ್ನು ಅಳೆಯಲು ಅವರು ಆರಿಸಿಕೊಂಡದ್ದು ತಮ್ಮದೇ ತಲೆಯನ್ನು. ಅರ್ಥವೇ ಇಲ್ಲದ ಸುಮಾರು 2,300 ಪುಟ್ಟ ಉಚ್ಚಾರಗಳನ್ನು ಮಾಡಿಕೊಂಡು, ಅವುಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಎಂದು ವರ್ಷಗಟ್ಟಲೆ ಬರೆದಿಟ್ಟರು. 1885ರಲ್ಲಿ ಅದು ಪುಸ್ತಕವಾಯಿತು. ಮರೆವು ಮೊದಲ ಗಂಟೆಗಳಲ್ಲೇ ಬಹಳ ಜೋರು, ಆಮೇಲೆ ನಿಧಾನ ಎಂಬುದು ಅವರು ಕಂಡುಕೊಂಡ ಮೊದಲ ಸಂಗತಿ. ಒಂದೇ ದಿನ ಹತ್ತಾರು ಸಲ ಉರು ಹೊಡೆಯುವುದಕ್ಕಿಂತ ಅದನ್ನೇ ಕೆಲವು ದಿನಗಳಿಗೆ ಹಂಚಿದರೆ ಲಾಭ ಹೆಚ್ಚು ಎಂಬುದು ಎರಡನೆಯದು.

ಇನ್ನೊಂದು ಪ್ರಯೋಗ ಅಮೆರಿಕದ್ದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದುತ್ತಲೇ ಇದ್ದವರು ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಆಟ ತಿರುಗಿತ್ತು: ಓದುತ್ತಲೇ ಇದ್ದವರ ನೆನಪಿನಲ್ಲಿ ಉಳಿದದ್ದು ಶೇ 40ರಷ್ಟು, ಪುಸ್ತಕ ಮುಚ್ಚಿ ಬರೆದವರಿಗೆ ಶೇ 61ರಷ್ಟು.

ಇದನ್ನು ಪುಟ್ಟಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನಂಗೆ ತಲೆ ಇದೆ. ಓದೋ ರೀತಿ ಸರಿಯಿರಲಿಲ್ಲ, ಅಷ್ಟೇ ಅಲ್ವಾ?” ಎಂದಳು.

ನಮ್ಮ ಹಿರಿಯರಿಗೂ ಇದು ತಿಳಿಯದ್ದೇನಲ್ಲ. ಮಗ್ಗಿ ಹೇಳಿಸುವಾಗ ನಮ್ಮ ಮೇಷ್ಟ್ರು ಸಾಲಾಗಿ ಹೇಳಿದರೆ ಒಪ್ಪುತ್ತಿರಲಿಲ್ಲ. ನಡುವೆ ತಡೆದು “ಹದಿಮೂರೇಳಲೆಷ್ಟು?” ಎನ್ನುತ್ತಿದ್ದರು. ಹದಿಮೂರೊಂದಲಿಯಿಂದ ಓಡಿಬಂದರೆ ಬೆತ್ತ; ನೇರವಾಗಿ ತೊಂಬತ್ತೊಂದು ಎಂದರೆ ಭೇಷ್. ಚೀಟಿಗಳನ್ನು ಕಲಸಿ ಕೇಳುವುದೂ ಅದೇ ಉಪಾಯ, ಬೆತ್ತ ಮಾತ್ರ ಇಲ್ಲ.

ಮೊದಲ ಸಲ ಕೆಟ್ಟದ್ದು

ಅಂಗಡಿಯಿಂದ ಕಾರ್ಡು ತರುವ ಅಗತ್ಯ ಬೀಳಲಿಲ್ಲ. ಪ್ರತಿ ಮನೆಯ ಹಾಗೆ ನಮ್ಮ ಮನೆಯಲ್ಲೂ ಹಳೆಯ ಲಗ್ನಪತ್ರಿಕೆಗಳ ಗುಡ್ಡೆ ಇತ್ತು. ದಪ್ಪ ಕಾಗದ, ಬಿಸಾಡಲು ಮನಸ್ಸು ಬಾರದ್ದು. ಒಂದನ್ನು ಕತ್ತರಿಸಿದರೆ ನಾಲ್ಕು ಚೀಟಿ. ಅಚ್ಚಾದ ಕಡೆಗೆ ಬಿಳಿ ಹಾಳೆ ಅಂಟಿಸಿದೆವು.

ಉತ್ಸಾಹದಲ್ಲಿ ಎರಡೇ ದಿನಕ್ಕೆ 120 ಚೀಟಿ ಬರೆದೆವು. ಅರ್ಧಕ್ಕೂ ಹೆಚ್ಚು ಬರೆದವನು ನಾನೇ; ನನ್ನ ಅಕ್ಷರ ಗುಂಡಗೆ ಎಂಬ ಜಂಬ. “ಇಮ್ಮಡಿ ಪುಲಕೇಶಿಯ ಸಾಧನೆಗಳನ್ನು ವಿವರಿಸಿ” ಎಂದು ಮುಂದೆ. ಹಿಂದೆ ಇರುವೆ ಸಾಲಿನಂತೆ ಹತ್ತು ಸಾಲು. ಪುಟ್ಟಿ ನಾಲ್ಕು ದಿನ ಒದ್ದಾಡಿದಳು. ಐದನೆಯ ದಿನ ಹೊಟ್ಟೆನೋವು ಎಂದಳು. ಆಮೇಲೆ ಆ ಕಟ್ಟು ಟಿವಿ ಮೇಲೆ ದೂಳು ತಿಂದಿತು.

ತಪ್ಪು ನನ್ನದು. ಹತ್ತು ಸಾಲಿನ ಉತ್ತರದಲ್ಲಿ ಏಳು ಹೇಳಿ ಮೂರು ಬಿಟ್ಟರೆ ಅದು ಸರಿಯೋ ತಪ್ಪೋ? ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯ ಸಲ ಪುಲಕೇಶಿಯನ್ನು ತುಂಡು ಮಾಡಿದೆವು. ರಾಜಧಾನಿ ಯಾವುದು? ಬಾದಾಮಿ. ನರ್ಮದಾ ತೀರದಲ್ಲಿ ಅವನು ತಡೆದ ಉತ್ತರದ ದೊರೆ ಯಾರು? ಹರ್ಷವರ್ಧನ. ಅವನ ಸಾಧನೆ ಹೇಳುವ ಶಾಸನ ಯಾವುದು? ಐಹೊಳೆ ಶಾಸನ. ಅದನ್ನು ರಚಿಸಿದ ಕವಿ? ರವಿಕೀರ್ತಿ. ಅವನ ಕಾಲದಲ್ಲಿ ಬಂದ ಚೀನೀ ಯಾತ್ರಿಕ? ಹ್ಯೂಯೆನ್ ತ್ಸಾಂಗ್. ಒಂದು ಚೀಟಿ, ಒಂದು ಪ್ರಶ್ನೆ, ಒಂದೇ ಉಸಿರಿನ ಉತ್ತರ. ಈ ಐದು ಬಾಯಿಗೆ ಬಂದವಳಿಗೆ ಹತ್ತು ಸಾಲಿನ ಉತ್ತರ ಕಟ್ಟುವುದು ಕಷ್ಟವಾಗಲಿಲ್ಲ. ಕಂಬ ನಿಂತ ಮೇಲೆ ಚಪ್ಪರ ಹಾಕಿದಂತೆ.

ವಿಜ್ಞಾನಕ್ಕೂ ಹೀಗೇ. ಸೋಡಿಯಂಗೆ ‘ಎನ್‌ಎ’ ಎಂಬ ಸಂಕೇತ ಏಕೆ? ಲ್ಯಾಟಿನ್ ಹೆಸರು ನೇಟ್ರಿಯಂ. ಕಬ್ಬಿಣಕ್ಕೆ ‘ಎಫ್‌ಇ’? ಫೆರಂ. ಚಿನ್ನಕ್ಕೆ ‘ಎಯು’? ಆರಂ. ‘ಏಕೆ’ ಸೇರಿದ ಚೀಟಿ ಬೇಗ ನಿಲ್ಲುತ್ತದೆ ಎಂಬುದನ್ನು ಅವಳೇ ಗಮನಿಸಿದಳು. ಅರ್ಥವಾಗದ ಪಾಠಕ್ಕೆ ಚೀಟಿ ಬರೆಯಬಾರದು, ಮೊದಲು ಟೀಚರನ್ನು ಕೇಳಬೇಕು ಎಂಬ ಕಟ್ಟಳೆಯೂ ಆಯಿತು. ಮತ್ತು ಬರೆಯುವವಳು ಅವಳೇ. ಉತ್ತರವನ್ನು ತಾನೇ ಚಿಕ್ಕದು ಮಾಡಿ ಬರೆಯುವಾಗಲೇ ಅರ್ಧ ಪಾಠ ಆಗಿಹೋಗುತ್ತದೆ.

ಅಂಗಳದಿಂದ ಅಟ್ಟಕ್ಕೆ

1972ರಲ್ಲಿ ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಎಂಬುವರು ಕಲಿಯುವುದು ಹೇಗೆಂದು ಒಂದು ಪುಸ್ತಕ ಬರೆದು, ಐದು ಗೂಡಿನ ಪೆಟ್ಟಿಗೆಯೊಂದನ್ನು ಪ್ರಸಿದ್ಧಪಡಿಸಿದರು. ಹೊಸ ಚೀಟಿ ಮೊದಲ ಗೂಡಿನಲ್ಲಿ. ಸರಿ ಹೇಳಿದರೆ ಮುಂದಿನ ಗೂಡಿಗೆ ಬಡ್ತಿ. ತಪ್ಪಿದರೆ ಎಲ್ಲಿದ್ದರೂ ಮತ್ತೆ ಮೊದಲನೆಯದಕ್ಕೆ. ಮುಂದಿನ ಗೂಡು ಹೋದಷ್ಟೂ ಕೇಳುವ ಸರದಿ ಅಪರೂಪ. ಬಾರದ್ದಕ್ಕೆ ಹೆಚ್ಚು ಹೊತ್ತು, ಬಂದದ್ದಕ್ಕೆ ಕಡಿಮೆ. ಓದಿದಾಗ ನನಗೆ ರೈಲಿನ ಗೂಡುಗಳೇ ಕಣ್ಣ ಮುಂದೆ ಬಂದವು.

ಚಪ್ಪಲಿಯ ರಟ್ಟಿನ ಡಬ್ಬಕ್ಕೆ ನಾಲ್ಕು ಅಡ್ಡ ರಟ್ಟು ಸಿಕ್ಕಿಸಿ ಐದು ಗೂಡು ಮಾಡಿದೆವು. ಹೆಸರಿಟ್ಟವಳು ಪುಟ್ಟಿ: ಅಂಗಳ, ಜಗಲಿ, ನಡುಮನೆ, ದೇವರಮನೆ, ಅಟ್ಟ. ಅಂಗಳದ ಚೀಟಿಗೆ ದಿನವೂ ಪರೀಕ್ಷೆ. ಜಗಲಿಗೆ ದಿನ ಬಿಟ್ಟು ದಿನ. ನಡುಮನೆಗೆ ಭಾನುವಾರ. ದೇವರಮನೆಗೆ ಹುಣ್ಣಿಮೆ, ಅಮಾವಾಸ್ಯೆ. ಅಟ್ಟಕ್ಕೆ ತಿಂಗಳಿಗೊಮ್ಮೆ, ಸಂಕಷ್ಟಿಯ ಸಂಜೆ. ಚಂದ್ರ ಹುಟ್ಟುವವರೆಗೆ ನನಗೆ ಹೇಗೂ ಊಟವಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಇವೆಲ್ಲ ಮೊದಲೇ ಅಚ್ಚಾಗಿರುವುದರಿಂದ ಲೆಕ್ಕ ಇಡುವ ತಾಪತ್ರಯವೂ ಇಲ್ಲ.

ಕುಕ್ಕರ್ ಇಟ್ಟರೆ ಪಾಠ

ಪೆಟ್ಟಿಗೆ ಮಾಡುವುದು ಸುಲಭ. ದಿನಾ ಅದರ ಮುಂದೆ ಕೂರುವುದೇ ಕಷ್ಟ. “ಸಂಜೆ ಮಾಡೋಣ” ಎಂದರೆ ಸಂಜೆ ಎಂಬುದು ಐದರಿಂದ ಒಂಬತ್ತರವರೆಗೂ ಹಿಗ್ಗುತ್ತದೆ. ಕೊನೆಗೆ ಸೊಸೆ ದಾರಿ ತೋರಿಸಿದಳು. ರಾತ್ರಿ ಅನ್ನಕ್ಕೆ ಕುಕ್ಕರ್ ಇಟ್ಟಾಗ ಕೂಗುತ್ತೇನೆ. ಪ್ರೆಷರ್ ಇಳಿದು ಮುಚ್ಚಳ ತೆಗೆದಾಗ ನಿಮ್ಮ ಪಾಠ ಬಂದ್. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅನ್ನ ಮಾಡದ ಮನೆಯಿಲ್ಲ, ಹಾಗಾಗಿ ಪಾಠ ತಪ್ಪುವ ದಿನವೂ ಕಡಿಮೆ. ದಿನಕ್ಕೆ ಹೊಸ ಚೀಟಿ ಐದೇ ಐದು.

ಆಸೆ ತೋರಿಸಿ ಕೂರಿಸಲೂ ನೋಡಿದೆ. ಬಡ್ತಿ ಪಡೆದ ಚೀಟಿಗೆ ಒಂದೊಂದು ರೂಪಾಯಿ ಎಂದೆ. ಒಂದೇ ವಾರದಲ್ಲಿ ಚೀಟಿಗಳೆಲ್ಲ ನಡುಮನೆ ಸೇರಿದವು, ನನ್ನ ಜೇಬಿನಿಂದ ನೂರಾ ಹತ್ತು ರೂಪಾಯಿ ಹೋಯಿತು. ಅನುಮಾನ ಬಂದು ಕೇಳಿದರೆ ಅರ್ಧಕ್ಕೆ ಉತ್ತರವಿಲ್ಲ. ಉತ್ತರವನ್ನು ಇಣುಕಿ ನೋಡಿ “ಹಾ, ಇದು ಗೊತ್ತಿತ್ತು” ಎಂದುಕೊಳ್ಳುತ್ತಿದ್ದಳು ಹುಡುಗಿ. ಅದು ಬರೀ ಕಳ್ಳತನವೂ ಅಲ್ಲ. ನೋಡಿದಾಗ ಗುರುತು ಸಿಗುವುದು ಬೇರೆ, ನೋಡದೆ ನೆನಪಾಗುವುದು ಬೇರೆ. ಮದುವೆಮನೆಯಲ್ಲಿ ನನಗಾದದ್ದೂ ಅದೇ ತಾನೆ? ಮುಖದ ಗುರುತು ಇತ್ತು, ಹೆಸರು ಇರಲಿಲ್ಲ.

ಅಂದಿನಿಂದ ಎರಡು ಬದಲಾವಣೆ. ಉತ್ತರವನ್ನು ಗಟ್ಟಿಯಾಗಿ ಬಾಯಿಬಿಟ್ಟು ಹೇಳಿದ ಮೇಲೆಯೇ ಚೀಟಿ ತಿರುಗಿಸಬೇಕು. ಮತ್ತು ಬಹುಮಾನ ಸರಿ ಉತ್ತರಕ್ಕಲ್ಲ, ಕೂತದ್ದಕ್ಕೆ. ಅದೂ ದುಡ್ಡಲ್ಲ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಕೆಂಪು ಪೆನ್ನಿನ ಒಂದು ಚುಕ್ಕೆ. ಚುಕ್ಕೆಗಳು ಸಾಲಾಗಿ ನಿಂತಾಗ ಅದನ್ನು ಮುರಿಯಲು ಮಕ್ಕಳಿಗೇ ಮನಸ್ಸಾಗುವುದಿಲ್ಲ. ಜ್ವರ ಬಂದ ದಿನವೂ ಅವಳು ಮೂರು ಚೀಟಿ ಹೇಳಿ ಚುಕ್ಕೆ ಇಟ್ಟು ಮಲಗಿದಳು.

ಆದರೂ ಒಮ್ಮೆ ಮುರಿಯಿತು. ಸಂಕ್ರಾಂತಿಗೆ ಊರಿಗೆ ಹೋಗಿ ಒಂಬತ್ತು ದಿನ ನಿಂತೆವು. ಬಂದು ನೋಡಿದರೆ ಸರದಿಯ ಚೀಟಿ ಎಪ್ಪತ್ತಕ್ಕೂ ಹೆಚ್ಚು. ಪುಟ್ಟಿಯ ಮುಖ ಬಾಡಿತು. “ಬಿಡು ತಾತ, ಎಲ್ಲ ಹಾಳಾಯ್ತು” ಎಂದಳು. ಇಂಥ ದಿನವೇ ಅಭ್ಯಾಸ ಸಾಯುವುದು. ಬಾಕಿಯೆಲ್ಲ ಒಂದೇ ದಿನ ತೀರಿಸಬೇಕಿಲ್ಲ, ದಿನಕ್ಕೆ ಹದಿನೈದು ಮಾತ್ರ, ಬಾಕಿ ತೀರುವವರೆಗೆ ಹೊಸ ಚೀಟಿ ಬೇಡ ಎಂದೆ. ಐದು ದಿನದಲ್ಲಿ ತೀರಿತು.

ಟೀಚರಾದ ಮೊಮ್ಮಗಳು

ಇಷ್ಟೆಲ್ಲದರ ಗುಟ್ಟು ಇನ್ನೊಂದು ಕಡೆ ಇತ್ತು. ಎರಡನೆಯ ವಾರ ಪುಟ್ಟಿ ಮುಖ ಊದಿಸಿಕೊಂಡು, “ಯಾವಾಗಲೂ ನೀನೇ ಕೇಳ್ತೀಯ, ನಾನೇ ಹೇಳ್ಬೇಕು. ನಿಂಗ್ಯಾಕೆ ಇಲ್ಲ?” ಎಂದಳು. ನ್ಯಾಯವಾದ ಪ್ರಶ್ನೆ. ಆಗ ಅವಳಿಗೆ ಮದುವೆಮನೆಯ ಕಥೆ ಹೇಳಿದೆ. ಅವಳು ನಗಲಿಲ್ಲ. ಮರುದಿನ ಡಬ್ಬದ ಪಕ್ಕ ಇನ್ನೊಂದು ಡಬ್ಬ ಬಂತು, ಮೇಲೆ ‘ತಾತ’ ಎಂದು ಬರೆದಿತ್ತು.

ನನ್ನ ಚೀಟಿಗಳಲ್ಲಿ ಅಕ್ಕಪಕ್ಕದ ಮನೆಯವರ ಹೆಸರು, ಯಾವ ಮಾತ್ರೆ ಯಾವುದಕ್ಕೆ, ಮಗನ ಫೋನ್ ನಂಬರು. ಹಳೆಯ ಗ್ರೂಪ್ ಫೋಟೊ ಹುಡುಕಿ ಆ ಮಿತ್ರರ ಹೆಸರನ್ನೂ ಪತ್ತೆ ಮಾಡಿದೆ. ಅವರ ಚೀಟಿಯ ಮುಂದೆ “ಬಿಳಿ ಮೀಸೆ, ಅರಸೀಕೆರೆ ಬಂದ ಕೂಡಲೇ ಫ್ಲಾಸ್ಕ್ ತೆಗೆಯುವವರು” ಎಂದು ಬರೆದೆ. ಹಿಂದೆ ಏನಿದೆ ಎಂದು ಇಲ್ಲಿ ಹೇಳುವುದಿಲ್ಲ. ಅವರು ಈ ಪತ್ರಿಕೆ ಓದುತ್ತಾರೆ!

ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಪುಟ್ಟಿ ನನ್ನನ್ನು ಪರೀಕ್ಷಿಸುವ ಗತ್ತು ನೋಡಬೇಕು. ನಾನು ತಪ್ಪಿದರೆ “ಅಂಗಳಕ್ಕೆ!” ಎಂದು ಕೂಗುತ್ತಾಳೆ. ನನ್ನನ್ನು ಕೇಳುವ ಆಸೆಗೇ ಅವಳು ದಿನಾ ಬಂದು ಕೂರುತ್ತಿದ್ದಳು. ರೂಪಾಯಿಗೆ ಆಗದ್ದು ಇದರಿಂದ ಆಯಿತು.

ಹಿರಿಯ ಓದುಗರಿಗೆ ಒಂದು ಮಾತು. ರಕ್ತದೊತ್ತಡ ತೋರಿಸಲು ಹೋದಾಗ ವೈದ್ಯರ ಬಳಿ ನನ್ನ ಭಯ ಹೇಳಿಕೊಂಡೆ. ವಯಸ್ಸಾದಂತೆ ಹೆಸರು ಆಗೊಮ್ಮೆ ಈಗೊಮ್ಮೆ ಕೈಕೊಡುವುದು ಸಾಮಾನ್ಯ ಎಂದರು. ಗೊತ್ತಿದ್ದ ದಾರಿಯೇ ತಪ್ಪಿದರೆ, ದಿನನಿತ್ಯದ ಕೆಲಸ ಗೊಂದಲವಾದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತೀರೆಂದು ಮನೆಯವರು ಹೇಳಿದರೆ ತಡಮಾಡದೆ ಬನ್ನಿ ಎಂದರು. ಚೀಟಿಗಳು ಅಂಥ ಕಾಯಿಲೆಗೆ ಮದ್ದಲ್ಲ. ನೆನಪಿಡಬೇಕಾದ ನಾಲ್ಕು ಸಂಗತಿ ನೆನಪಿಡಲು ಊರುಗೋಲು, ಅಷ್ಟೇ.

ನಿಮ್ಮ ಮನೆಯಲ್ಲೂ ಮಾಡಿ

• ಹಳೆಯ ಲಗ್ನಪತ್ರಿಕೆ ಕತ್ತರಿಸಿ ಅಂಗೈ ಅಗಲದ ಚೀಟಿ ಮಾಡಿ. ಮುಂದೆ ಒಂದೇ ಪ್ರಶ್ನೆ, ಹಿಂದೆ ಚಿಕ್ಕ ಉತ್ತರ. ಕಲಿಯುವವರೇ ಬರೆಯಲಿ.

• ರಟ್ಟಿನ ಡಬ್ಬಕ್ಕೆ ಐದು ಗೂಡು. ಸರಿಯಾದರೆ ಒಂದು ಗೂಡು ಮುಂದೆ. ತಪ್ಪಿದರೆ ಮೊದಲ ಗೂಡಿಗೆ.

• ದಿನವೂ ತಪ್ಪದೆ ನಡೆಯುವ ಮನೆಯ ಯಾವುದಾದರೂ ಕೆಲಸಕ್ಕೆ ಇದನ್ನು ಗಂಟು ಹಾಕಿ: ಕುಕ್ಕರ್, ದೇವರ ದೀಪ, ಹಾಲಿನವರು ಬರುವ ಹೊತ್ತು.

• ಹೊಸ ಚೀಟಿ ದಿನಕ್ಕೆ ಐದು ಸಾಕು. ಆಗದ ದಿನ ಮೂರೇ ಚೀಟಿ ಹೇಳಿ, ಆದರೆ ಕೂತುಕೊಳ್ಳಿ.

• ಬಾಯಿಬಿಟ್ಟು ಹೇಳಿದ ಮೇಲೆಯೇ ತಿರುಗಿಸಿ.

• ಮೊಬೈಲಿನಲ್ಲಿ ಮಾಡುವವರಿಗೆ ಆಂಕಿ ಎಂಬ ತಂತ್ರಾಂಶವಿದೆ. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಬಾಯಿಪಾಠ ಎಂದೇ ಅರ್ಥ. ಯಾವ ಚೀಟಿ ಯಾವತ್ತು ಕೇಳಬೇಕೆಂದು ಅದೇ ಲೆಕ್ಕ ಹಾಕುತ್ತದೆ. ಆದರೆ ಚಿಕ್ಕ ಮಕ್ಕಳಿಗೆ ಕಾಗದವೇ ಮೇಲು. ಚೀಟಿ ತೆಗೆಯಲು ಹೋದವರು ಆಟಕ್ಕೆ ಜಾರುವುದಿಲ್ಲ.

ಅಟ್ಟದ ಚೀಟಿ

ವಾರ್ಷಿಕ ಪರೀಕ್ಷೆಯಲ್ಲಿ ಪುಟ್ಟಿ ತರಗತಿಗೆ ಮೊದಲಿಗಳೇನೂ ಆಗಲಿಲ್ಲ. ಸಮಾಜ ವಿಜ್ಞಾನದಲ್ಲಿ 50ಕ್ಕೆ 36 ಬಂತು. ಈ ಸಲ ಅಂಕಪಟ್ಟಿ ದಿಂಬಿನ ಕೆಳಗೆ ಹೋಗಲಿಲ್ಲ. ನನ್ನ ಮಗ ಅದನ್ನು ಎರಡು ಸಲ ನೋಡಿ, “ಡ್ಯಾನ್ಸ್ ಕ್ಲಾಸಿನ ಫೀಸು ಯಾವ ತಾರೀಖಿಗೆ ಕಟ್ಟಬೇಕು?” ಎಂದು ಮಾತ್ರ ಕೇಳಿದ. ಅವಳು ಒಳಗೆ ಹೋಗಿ ಗೆಜ್ಜೆ ಕಟ್ಟಿಕೊಂಡ ಸದ್ದು ನನ್ನ ಕೋಣೆಗೆ ಕೇಳಿಸಿತು.

ಮೇ ತಿಂಗಳಲ್ಲಿ ಮತ್ತೊಂದು ಮದುವೆ. ಪುಟ್ಟಿಯೂ ಜೊತೆಗಿದ್ದಳು. ಕಲ್ಯಾಣಮಂಟಪದ ಬಾಗಿಲಲ್ಲೇ ಅದೇ ಬಿಳಿ ಮೀಸೆ. ಪುಟ್ಟಿ ನನ್ನ ಮೊಣಕೈ ತಿವಿದು, “ತಾತ, ಅಟ್ಟದ ಚೀಟಿ!” ಎಂದು ಪಿಸುಗುಟ್ಟಿದಳು. ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ, ಅವರು ಬಾಯಿ ತೆರೆಯುವ ಮೊದಲೇ ಹೆಸರು ಹಿಡಿದು ಕೂಗಿದೆ. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, ಅರಸೀಕೆರೆಯ ಕಾಫಿಯಿಂದ ಹಿಡಿದು ಎಲ್ಲ ಮಾತಾಡಿ, ಚೀಲದಿಂದ ತಮ್ಮ ಮೊಮ್ಮಗನ ಲಗ್ನಪತ್ರಿಕೆ ತೆಗೆದುಕೊಟ್ಟರು. “ತಪ್ಪದೆ ಬರಬೇಕು.”

ಪುಟ್ಟಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ತಾತ, ಇದರ ಬೆನ್ನು ಪೂರ್ತಿ ಖಾಲಿ ಇದೆ.”